ಹಿತ್ತಲಿಗೆ ಬರುವ ಯಜಮಾನರು

"ಅದು ಬೆಕ್ಕಲ್ಲ ಅಮೀನ್ರೇ, ನಮ್ಮ ಯಜಮಾನ್ರು."

ಇಷ್ಟು ಹೇಳಿ ಚೆಲುವಮ್ಮ ಕಾಫಿ ಲೋಟವನ್ನು ಮುಂದಕ್ಕೆ ತಳ್ಳಿದರು. ಸಿದ್ದಮಲ್ಲಪ್ಪನವರ ಕೈ ಲೋಟದ ಮೇಲೆ ಹಾಗೇ ನಿಂತಿತು. ಆ ಮನೆಯ ಯಜಮಾನರು, ಮಂಡಿ ಮೊಹಲ್ಲಾದ ಊದುಬತ್ತಿ ನಿಂಗಯ್ಯನವರು, ತೀರಿಕೊಂಡು ಆರು ವರ್ಷವಾಗಿತ್ತು. ನಡುಮನೆಯ ಗೋಡೆಯ ಮೇಲೆ ಕೋಟು, ಪೇಟ ಹಾಕಿಕೊಂಡು ಗಂಭೀರವಾಗಿ ಕೂತಿದ್ದಾರೆ. ಇವತ್ತೂ ಹೊಸ ಹಾರ.

"ಎಷ್ಟು ಹೊತ್ತಿಗೆ ಬರ್ತಾರೆ?" ಹುಣಸೂರು ಬಸ್ಸಿನ ಹೊತ್ತು ವಿಚಾರಿಸುವವರ ಹಾಗೆ ಕೇಳಿದರು ಸಿದ್ದಮಲ್ಲಪ್ಪ.

"ದೀಪ ಹಚ್ಚೋ ಹೊತ್ತಿಗೆ. ಒಂದು ದಿನ ತಪ್ಪಿಸಿಲ್ಲ. ಬದುಕಿದ್ದಾಗ ಇಷ್ಟು ನೆಟ್ಟಗೆ ಮನೆಗೆ ಬಂದೋರಲ್ಲ ಬುಡಿ."

ಸಿದ್ದಮಲ್ಲಪ್ಪ ನಗಲಿಲ್ಲ. ಕೋರ್ಟಿನ ಅಮೀನರಾಗಿ ಮೂವತ್ತು ವರ್ಷ ಮನೆಮನೆಗೆ ಸಮನ್ಸ್ ಹಂಚಿದವರು ಅವರು. ಅಮೀನ ಮುಂಬಾಗಿಲು ತಟ್ಟಿದರೆ ಜನ ಹಿತ್ತಲಿಂದ ಜಾರಿಕೊಳ್ಳುತ್ತಾರೆ. ಅದಕ್ಕೇ ಅವರಿಗೆ ಮೈಸೂರಿನ ಬೀದಿಗಳಿಗಿಂತ ಹಿತ್ತಲುಗಳೇ ಚೆನ್ನಾಗಿ ಗೊತ್ತು. ಯಾವ ಗೋಡೆ ಹಾರುವಷ್ಟು ಗಿಡ್ಡ, ಯಾವ ಸೌದೆ ಒಟ್ಟಿಲ ಹಿಂದೆ ಎಷ್ಟು ಜನ ಅಡಗಬಹುದು, ಎಲ್ಲ ಬಾಯಿಪಾಠ. ಪೆನ್ಷನ್ ಆದಮೇಲೆ ಯಾರಾದರೂ "ಸ್ವಲ್ಪ ನೋಡಿ ಅಮೀನ್ರೇ" ಅಂದರೆ ಸಾಕು, ಛತ್ರಿ ಹಿಡಿದು ಹೊರಟರೇ.

ಈ ಸಲ ಹಾಗೆ ಅಂದವಳು ಬೆಟ್ಟಮ್ಮ. ಪುನುಗು ಬೆರೆಸದ ಹಿಟ್ಟೇ ಆದರೂ ಅವಳು ಹೊಸೆದ ಊದುಬತ್ತಿಗೆ ಮಾತ್ರ ಪುನುಗಿನ ಘಮಲು ಹತ್ತಿದ್ದರಿಂದ, "ನನ್ನ ಪುನುಗು ಕದ್ದಿದ್ದೀಯ" ಎಂದು ನಿಂಗಯ್ಯನವರ ಮಗ ಮಹದೇವಯ್ಯ ಅವಳನ್ನು ಕೆಲಸದಿಂದ ನಿಲ್ಲಿಸಿ ಮೂರು ದಿನವಾಗಿತ್ತು. ಇವತ್ತು ಹನ್ನೆರಡು ಗಂಟೆಯೊಳಗೆ ಬೇರೆ ಕಳ್ಳ ಸಿಗದಿದ್ದರೆ ಅವನು ಬೀದಿಗೆಲ್ಲ ಸಾರುವವನಿದ್ದ. ಸಾರಿದ ಮೇಲೆ ಮಂಡಿ ಮೊಹಲ್ಲಾದಲ್ಲಿ ಯಾರೂ ಬೆಟ್ಟಮ್ಮನನ್ನು ಹೊಸೆಯುವ ಮಣೆಯ ಮುಂದೆ ಕೂರಿಸುವುದಿಲ್ಲ.

"ಯಜಮಾನ್ರು ಅಂತ ಎಂಗೆ ಗೊತ್ತಾಯ್ತು ತಾಯಿ?"

"ವಾಸನೆ ಅಮೀನ್ರೇ, ವಾಸನೆ!" ಚೆಲುವಮ್ಮನ ಮುಖ ಅರಳಿತು. "ನನ್ನ ಮದುವೆ ದಿವಸ ಅವರ ಪಕ್ಕ ಕೂತಾಗ ಮೊದಲು ಬಂದಿದ್ದೇ ಪುನುಗಿನ ವಾಸನೆ. ನಲವತ್ತೆರಡು ವರ್ಷ ಅದೇ ವಾಸನೆ. ಈಗ ಒಂದು ಆರು ತಿಂಗಳಿಂದ ಸಂಜೆ ಆಯ್ತೂ ಅಂದ್ರೆ ಹಿತ್ತಲಲ್ಲಿ ಘಮ್ ಅಂತದೆ. ಒಂದು ದಿನ ಇಣುಕಿ ನೋಡ್ತೀನಿ, ಮೈಮೇಲೆ ಚುಕ್ಕೆ ಚುಕ್ಕೆ, ಬಾಲದ ತುಂಬ ಕರೀ ಬಳೆ, ಉದ್ದ ಮೂತಿ. ನನ್ನೇ ನೋಡ್ತಾ ನಿಂತೈತೆ. ಥೇಟ್ ಅವರದೇ ನೋಟ. ಅವತ್ತಿಂದ ಒಂದು ಬಾಳೆಹಣ್ಣು ಇಡ್ತೀನಿ."

"ಹಣ್ಣೊಂದೇನಾ?"

ಮುದುಕಿ ಸುತ್ತ ನೋಡಿ ದನಿ ತಗ್ಗಿಸಿದರು. "ಮಣೇನೂ ಇಡ್ತೀನಿ. ಅವರು ಮೊದಲನೇ ಕಡ್ಡಿ ಹೊಸೆದ ಹಲಸಿನ ಮಣೆ. ಗುರುತು ಸಿಗಲಿ ಅಂತ. ನಮ್ಮ ಮಾದೇವನಿಗೆ ಹೇಳಬ್ಯಾಡಿ, ನಗಾಡ್ತಾನೆ."

"ಬೆಳಗಾದ ಮೇಲೆ ಆ ಮಣೆ ಯಾರ ಮುಂದೆ ಇರ್ತದೆ?"

"ಇನ್ಯಾರ ಮುಂದೆ? ಬೆಟ್ಟಮ್ಮನ ಮುಂದೆ. ಅವಳ ಕೈ ಚೆನ್ನಾಗೈತೆ ಅಂತ ಅವರೇ ಕೊಟ್ಟುಹೋದ ಮಣೆ ಕಣ್ರೀ ಅದು."

ಸಿದ್ದಮಲ್ಲಪ್ಪ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ ಎದ್ದರು.

ಹಿತ್ತಲು ದೊಡ್ಡದೇನಲ್ಲ. ಒಂದು ಬಾವಿ, ಒಂದು ಸೀಬೆಮರ, ಸೌದೆ ಒಟ್ಟಿಲು, ಅದರ ಪಕ್ಕ ಕಡಿದ ನುಗ್ಗೆಮರದ ಮೊಂಡು. ಆ ಮೊಂಡಿಗೆ ಒರಗಿಕೊಂಡು ನಿಂತಿತ್ತು ಹಲಸಿನ ಮಣೆ. ನಿನ್ನೆ ಸಂಜೆ ಹೊರಡುವಾಗ ಸಿದ್ದಮಲ್ಲಪ್ಪ ಇದ್ದಿಲು ಪುಡಿಯನ್ನು ಜರಡಿಯಲ್ಲಿ ಹಿಡಿದು ಅಲ್ಲೆಲ್ಲ ತೆಳ್ಳಗೆ ಉದುರಿಸಿ ಹೋಗಿದ್ದರು. ಊದುಬತ್ತಿ ಮನೆಯಲ್ಲಿ ಇದ್ದಿಲು ಪುಡಿಗೇನು ಬರ? ಈಗ ಪಂಚೆ ಎತ್ತಿ ಕಟ್ಟಿ ಕುಕ್ಕರುಗಾಲಲ್ಲಿ ಕೂತು, ಹಾಜರಿ ಕೂಗುವ ಮೇಷ್ಟರ ಹಾಗೆ ಶುರುಮಾಡಿದರು.

"ಇದು ನೀವು ತಾಯಿ, ಹಣ್ಣಿಡೋಕೆ ಬಂದಿದ್ದು. ಇದು ಕಾಗೆ. ಇದು ಹೆಗ್ಗಣ, ಗಂಡ ಹೆಂಡತಿ ಇಬ್ಬರೂ ಬಂದಿದ್ದಾರೆ. ಇದು ಮುಂಗುಸಿ, ಸೀದಾ ಬಂದು ಸೀದಾ ಹೋಗಿದೆ, ಮರ್ಯಾದಸ್ಥ. ಇದು..."

ಇದು ಬೇರೆ. ಮಣೆಯ ಸುತ್ತ ಮೂರು ಸುತ್ತು ಬಂದು ನಿಂತು ಹೋದ ಹೆಜ್ಜೆ. ಬೆಕ್ಕಿನ ಹೆಜ್ಜೆಯಲ್ಲಿ ನಾಲ್ಕು ಬೆರಳು ಮೂಡುತ್ತವೆ. ಇಲ್ಲಿ ಐದು.

ಮಣೆಯ ಕೆಳತುದಿಯಲ್ಲಿ, ನೆಲದಿಂದ ಒಂದು ಗೇಣು ಮೇಲೆ, ಬೆರಳಗಲದ ಜಿಡ್ಡು ಮಿನುಗುತ್ತಿತ್ತು. ಸಿದ್ದಮಲ್ಲಪ್ಪ ಬಗ್ಗಿ ಮೂಸಿ, ಹಿಂದಕ್ಕೆ ವಾಲಿ ಕೂತುಬಿಟ್ಟರು.

"ಅಬ್ಬಬ್ಬಾ! ಯಜಮಾನರ ದರ್ಶನ ಆಯ್ತು ತಾಯಿ!"

ಮಹದೇವಯ್ಯ ದೇವರಾಜ ಮಾರ್ಕೆಟ್ಟಿಗೆ ಹೋಗಿದ್ದ. ಬರುವುದು ಹನ್ನೆರಡಕ್ಕೇ. ಅಷ್ಟರಲ್ಲಿ ಸಿದ್ದಮಲ್ಲಪ್ಪ ಇಬ್ಬರನ್ನು ಹಿತ್ತಲ ಜಗಲಿಗೆ ಕರೆಸಿದರು. ಒಬ್ಬಳು ಬೆಟ್ಟಮ್ಮ. ಇಲವಾಲದ ಹೆಣ್ಣು, ಮದುವೆಯಾಗಿ ಪಕ್ಕದ ಓಣಿಗೆ ಬಂದವಳು, ಹದಿನಾಲ್ಕು ವರ್ಷದಿಂದ ಇಲ್ಲೇ ಹೊಸೆಯುವವಳು. ಇನ್ನೊಬ್ಬಳು ಕೆಂಚಮ್ಮ. ಹೊಸೆಯುವವರಲ್ಲೆಲ್ಲ ಹಿರಿಯಳು, ಬಾಯಲ್ಲೂ ಹಿರಿಯಳು. ಬೆಟ್ಟಮ್ಮ ಪುನುಗಿನ ಕೋಣೆಯ ಹತ್ತಿರ ಸುಳಿದಾಡಿದ್ದನ್ನು ನೋಡಿದೆ ಎಂದು ಸಾಕ್ಷಿ ಹೇಳಿದವಳು ಇವಳೇ.

ಅಲ್ಲಿ ಪ್ರತಿಯೊಬ್ಬಳ ಊದುಬತ್ತಿ ಕಟ್ಟಿಗೂ ಒಂದೊಂದು ಬಣ್ಣದ ದಾರ. ಬೆಟ್ಟಮ್ಮನದು ಹಳದಿ, ಕೆಂಚಮ್ಮನದು ನೀಲಿ. ಮೂರು ತಿಂಗಳಿಂದ ಅಂಗಡಿಯವರೆಲ್ಲ "ಹಳದಿ ದಾರದ್ದೇ ಕೊಡಿ" ಅನ್ನತೊಡಗಿದ್ದರು. ಕೆಂಚಮ್ಮನಿಗೆ ನಿದ್ದೆ ಕೆಟ್ಟಿದ್ದೂ ಆವಾಗಿನಿಂದಲೇ.

"ಕೆಂಚಮ್ಮ, ಇವತ್ತು ನೀನು ಬೆಟ್ಟಮ್ಮನ ಮಣೆ ಮೇಲೆ ಹತ್ತು ಕಡ್ಡಿ ಹೊಸಿ. ಬೆಟ್ಟಮ್ಮ, ನೀನು ಅವಳ ಮಣೆ ಮೇಲೆ ಹೊಸಿ. ಹಿಟ್ಟು ಒಂದೇ, ಪುನುಗು ಹಾಕದ್ದು, ಈಗ ತಂದಿದ್ದು."

"ಕಳ್ಳೀ ಮಣೆ ನಾನ್ಯಾಕೆ ಮುಟ್ಟಲಿ?" ಎಂದಳು ಕೆಂಚಮ್ಮ.

"ಮುಟ್ಟಕ್ಕಾ, ಕಚ್ಚಾಕಿಲ್ಲ," ಎಂದಳು ಬೆಟ್ಟಮ್ಮ. "ಅಮೀನ್ರೇ, ಕದ್ದಿದ್ರೆ ನನ್ನ ಕೈ ಬಿದ್ದೋಗ್ಲಿ ಅಂತ ನಾನು ಆಣೆ ಹಾಕಾಕಿಲ್ಲ. ಕೈ ಬಿದ್ದೋದ್ರೆ ಹೊಸೆಯೋರ್ಯಾರು? ಮೂರು ದಿನ ಸುಮ್ಕೆ ಕೂತಿದ್ದಕ್ಕೇ ಅಂಗೈ ಕಡೀತಾ ಅದೆ ನಂಗೆ."

ತಮಾಷೆಯಾಗಿಯೇ ಅಂದಳು. ಆದರೆ ಹಿಟ್ಟಿನ ಮೊದಲನೇ ಉಂಡೆಯನ್ನು ಅವಳು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಂಗೈಯಲ್ಲಿ ಹಿಡಿದುಕೊಂಡದ್ದನ್ನು ಸಿದ್ದಮಲ್ಲಪ್ಪ ನೋಡಿದರು.

ಹೊಸೆಯುವುದನ್ನು ನೋಡುವುದೇ ಚಂದ. ಬಿದಿರು ಕಡ್ಡಿಯ ಮೇಲೆ ಅಂಗೈ ಒಂದು ಸಲ ಹೋಗಿ ಒಂದು ಸಲ ಬಂದರೆ ಕರೀ ಹಿಟ್ಟು ತೊಗಲಿನ ಹಾಗೆ ಸುತ್ತಿಕೊಳ್ಳುತ್ತದೆ.

"ಮಣೆ ತೊಳೆಯೋಲ್ವೇನಮ್ಮ?" ಎಂದು ಕೇಳಿದರು ಸಿದ್ದಮಲ್ಲಪ್ಪ.

ಇಬ್ಬರೂ ಒಟ್ಟಿಗೆ ತಲೆ ಎತ್ತಿದರು. ಊದುಬತ್ತಿ ಮನೆಯಲ್ಲಿ ಇದಕ್ಕಿಂತ ಪೆದ್ದು ಪ್ರಶ್ನೆ ಯಾರೂ ಕೇಳಿರಲಿಲ್ಲ.

"ಮಣೆಗೆ ನೀರು ತೋರಿಸ್ತಾರಾ ಯಾರಾದ್ರೂ?" ಎಂದಳು ಕೆಂಚಮ್ಮ. "ನೀರು ಕುಡಿದ್ರೆ ಉಬ್ಬತದೆ, ಕಡ್ಡಿ ಸೊಟ್ಟ ಆಯ್ತದೆ. ಕೆರೆದು ಇಡೋದು, ಅಷ್ಟೇಯ."

"ಅಂದ್ರೆ ಮಣೆಗೆ ಹತ್ತಿದ್ದು ಮಣೆಯಲ್ಲೇ ಉಳೀತದೆ."

ಕೆಂಚಮ್ಮನ ಕೈ ನಿಧಾನವಾಯಿತು. ತನ್ನ ಅಂಗೈಯನ್ನು ಮೂಗಿನ ಹತ್ತಿರ ತಂದಳು. ಇನ್ನೊಂದು ಸಲ ತಂದಳು. ಆಮೇಲೆ ಅವಳು ಹತ್ತು ನಿಮಿಷ ಮಾತೇ ಆಡಲಿಲ್ಲ. ಮಂಡಿ ಮೊಹಲ್ಲಾದಲ್ಲಿ ಹಿಂದೆ ಎಂದೂ ಹೀಗಾಗಿರಲಿಲ್ಲ ಎಂದು ಆಮೇಲೆ ಚೆಲುವಮ್ಮ ಎಲ್ಲರಿಗೂ ಹೇಳಿದರು.

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಮಹದೇವಯ್ಯನ ಜಟಕಾ ನಿಂತಿತು. ಒಳ್ಳೆಯ ಮನುಷ್ಯ, ಆದರೆ ಅಪ್ಪನ ಹೆಸರು ತನ್ನ ಕಾಲದಲ್ಲಿ ಇಳಿದುಬಿಟ್ಟೀತೆಂಬ ಹೆದರಿಕೆ ಅವನಿಗೆ ಹಗಲೂ ರಾತ್ರಿ. ಹೊಸೆಯುವ ಹೆಂಗಸರೆಲ್ಲ ಹಿತ್ತಲಲ್ಲಿ ನೆರೆದಿದ್ದರು.

"ಏನಮೀನ್ರೇ, ಪತ್ತೆ ಆಯ್ತೋ?"

"ಅರ್ಧ ಆಯ್ತು. ಇನ್ನರ್ಧ ನಿಮ್ಮ ಮೂಗಲ್ಲಿದೆ ಸಾಹುಕಾರ್ರೇ."

ಬಿಸಿಲಿಗೆ ಒಣಗಿದ ಎರಡು ಕಡ್ಡಿಗಳನ್ನು ಮುಂದೆ ಹಿಡಿದರು. ಆ ಮನೆತನದ ಮೂಗಿಗೆ ಊರೆಲ್ಲ ಹೆಸರು. ಕಡ್ಡಿ ಹಚ್ಚುವುದೂ ಬೇಡ. ಮಹದೇವಯ್ಯ ಕಣ್ಣು ಮುಚ್ಚಿ ಮೊದಲನೆಯದನ್ನು ಮೂಸಿದ.

"ಚಂದನ, ಲೋಬಾನ. ಪುನುಗಿಲ್ಲ. ಕೆಂಚಮ್ಮನದು."

ಎರಡನೆಯದನ್ನು ಮೂಗಿನ ಹತ್ತಿರ ತರುವ ಮೊದಲೇ ಹುಬ್ಬು ಗಂಟಿಕ್ಕಿತು. "ಇದೇ! ಇದರಲ್ಲಿ ಪುನುಗಿದೆ. ಇವಳೇ ಹೊಸೆದದ್ದು, ಬೆಟ್ಟಮ್ಮ!"

"ಅದು ನಾನು ಹೊಸೆದಿದ್ದು ಸಾಹುಕಾರ್ರೇ," ಎಂದಿತು ಹಿಂದಿನಿಂದ ಒಂದು ಸಣ್ಣ ದನಿ. ಕೆಂಚಮ್ಮನದು.

ಮಹದೇವಯ್ಯ ಕಣ್ಣು ಬಿಟ್ಟ. ಸಿದ್ದಮಲ್ಲಪ್ಪ ಮಣೆಯನ್ನು ತಿರುಗಿಸಿ ಜಿಡ್ಡಿನ ಗುರುತು ತೋರಿಸಿದರು. ಅವನು ಅದನ್ನು ಮೂಸಿ ಕೆಂಪಾದ.

"ಹಂಗಾದ್ರೆ ಮಣೆಗೇ ಸವರಿದ್ದಾಳೆ! ಕದ್ದಿದ್ದು ನಮ್ಮ ಕೊಂಬಿನಿಂದಲೇ ತಾನೇ?"

ಪುನುಗು ಅವರ ಮನೆಯಲ್ಲಿ ಎಮ್ಮೆಯ ಕೊಂಬಿನೊಳಗೆ, ಕೊಂಬು ಪೆಟ್ಟಿಗೆಯೊಳಗೆ, ಪೆಟ್ಟಿಗೆ ಬೀಗದೊಳಗೆ. ಬೆಣ್ಣೆಯಂಥ ಪದಾರ್ಥ. ಸಾಸಿವೆಯಷ್ಟು ಬಿದ್ದರೆ ಒಂದು ಕೊಳಗ ಹಿಟ್ಟು ಘಮಘಮ.

"ಕೊಂಬು ತೆಗೆದು ನೋಡಿದಿರಾ?"

ಮಹದೇವಯ್ಯ ಸೊಂಟದ ಬೀಗದಕೈ ತಡವಿಕೊಂಡ.

"ನೋಡಿದಿರಾ ಅಂತ ಕೇಳ್ದೆ."

"ಅದನ್ನ ಶುಕ್ರವಾರ ತಲೆಗೆ ನೀರು ಹಾಕ್ಕೊಂಡೇ ತೆಗೀಬೇಕು. ನಮ್ಮಪ್ಪನ ಕಾಲದ ನೇಮ. ಇವತ್ತು ಬುಧವಾರ."

"ಅಂದ್ರೆ ಕಳುವಾಗಿದೆಯೋ ಇಲ್ಲವೋ ನೋಡದೇನೇ ಒಂದು ಹೆಣ್ಣುಮಗಳನ್ನ ಕಳ್ಳಿ ಅಂದ್ರಿ."

"ವಾಸನೆ ಬಂತಲ್ಲ ಅಮೀನ್ರೇ! ಪುನುಗು ಇರೋದು ನಮ್ಮ ಕೊಂಬಲ್ಲಿ, ಇನ್ನೆಲ್ಲಿಂದ ಬರ್ತದೆ?"

"ತೆಗೀರಿ."

"ಸಾಧ್ಯ ಇಲ್ಲ. ನೇಮ ಮುರಿದ್ರೆ ಮನೆಗೆ ಕೇಡು."

ನೇಮದ ಮಾತಿಗೆ ಯಾರು ಏನು ಹೇಳಲಾದೀತು? ಬೆಟ್ಟಮ್ಮ ನೆಲ ನೋಡುತ್ತ ನಿಂತಿದ್ದಳು. ಶುಕ್ರವಾರಕ್ಕೆ ಇನ್ನೂ ಎರಡು ದಿನ. ಬೀದಿಗೆ ಸಾರಲು ಐದೇ ನಿಮಿಷ.

ಆಗ ಜಗಲಿಯ ಮೇಲಿಂದ ಚೆಲುವಮ್ಮ ಕೆಮ್ಮಿದರು.

"ಮಾದೇವ, ಒಂದು ಮಾತು. ಆ ನೇಮ ದೇವರದ್ದಲ್ಲ ಕಣೋ."

"ಅವ್ವಾ, ನೀನು ಸುಮ್ನಿರು."

"ಸುಮ್ಕಿದ್ದೇ ಇಷ್ಟು ವರ್ಷ ಆಯ್ತಲ್ಲ. ನಿಮ್ಮಪ್ಪ ತಲೆಗೆ ನೀರು ಹಾಕ್ಕೊತಿದ್ದಿದ್ದೇ ವಾರಕ್ಕೊಂದು ದಿನ. ಚಳಿ ಅಂದ್ರೆ ಆಗ್ತಿರ್ಲಿಲ್ಲ ಅವರಿಗೆ. ನಾನು ಒಂದಿನ, 'ಮೈ ಕೈ ತೊಳೀದೆ ಆ ಪುನುಗು ಮುಟ್ಟಿದ್ರೆ ಬೀಗದಕೈ ಬಾವಿಗೆ ಹಾಕ್ತೀನಿ' ಅಂದೆ. ಅದಕ್ಕೇ ಶುಕ್ರವಾರ ಮಾಡ್ಕೊಂಡ್ರು. ಆಮೇಲೆ ಜನ ಕೇಳಿದ್ರೆ ನೇಮ, ನೇಮ ಅಂತ ಹೇಳಿ ದೊಡ್ಡೋರಾದ್ರು."

ಮೂಲೆಯಲ್ಲಿ ಯಾರೋ ಸೆರಗು ಬಾಯಿಗೆ ತುರುಕಿಕೊಂಡದ್ದು ಕಾಣಿಸಿತು. ಅಷ್ಟೇ, ಹಿತ್ತಲಿಗೆ ಹಿತ್ತಲೇ ನಕ್ಕಿತು. ಮಹದೇವಯ್ಯ ಸಿಟ್ಟು ಮಾಡಲು ನೋಡಿದ, ಆಗಲಿಲ್ಲ. ಗೋಡೆಯ ಮೇಲಿನ ಪೇಟದ ಗಾಂಭೀರ್ಯ ನೆನಪಾಗಿ ಅವನಿಗೂ ನಗು ಬಂದುಬಿಟ್ಟಿತು.

ಕೊಂಬು ಬಂತು. ಜೊತೆಗೆ ಅಳತೆಯ ಕಡ್ಡಿಯೂ ಬಂತು. ಪ್ರತಿ ಶುಕ್ರವಾರ ಅದನ್ನು ಕೊಂಬಿನೊಳಗೆ ಇಳಿಸಿ, ಪುನುಗು ಎಲ್ಲಿಯವರೆಗೆ ಹತ್ತಿತೋ ಅಲ್ಲಿ ಉಗುರಿನಿಂದ ಗೀಚಿಡುವುದು ವಾಡಿಕೆ. ಮಹದೇವಯ್ಯ ಕಡ್ಡಿ ಇಳಿಸಿದ. ಮೇಲೆತ್ತಿದ. ಬಿಸಿಲಿಗೆ ಹಿಡಿದ.

ಜಿಡ್ಡು ಹೋದ ಶುಕ್ರವಾರದ ಗೀಟಿಗೇ ನಿಂತಿತ್ತು. ಕೂದಲೆಳೆಯಷ್ಟೂ ಕಡಿಮೆಯಿಲ್ಲ.

ಅವನು ಬಹಳ ಹೊತ್ತು ಆ ಗೀಟನ್ನೇ ನೋಡಿದ. ಆಮೇಲೆ ಕಡ್ಡಿ ಕೆಳಗಿಟ್ಟು, ಹಲಸಿನ ಮಣೆಯನ್ನು ತಾನೇ ಎತ್ತಿ ತಂದು ಬೆಟ್ಟಮ್ಮನ ಮುಂದೆ ಇಟ್ಟ.

"ಕೂತ್ಕೋಮ್ಮ."

ಬೆಟ್ಟಮ್ಮ ಕೂರಲಿಲ್ಲ. "ಕಳ್ಳಿ ಅಂದಾಗ ಗಟ್ಟಿಯಾಗಿ ಅಂದಿದ್ರಿ ಸಾಹುಕಾರ್ರೇ. ಬಾವಿಗೆ ನೀರಿಗೆ ಬಂದೋರೂ ನಿಂತು ಕೇಳಿದ್ರು. ಈಗ ಪಿಸುಮಾತಲ್ಲಿ ಕೂತ್ಕೋ ಅಂದ್ರೆ ಎಂಗೆ?"

ಮಹದೇವಯ್ಯ ಗಂಟಲು ಸರಿಮಾಡಿಕೊಂಡ. "ಬೆಟ್ಟಮ್ಮ ಕದ್ದಿಲ್ಲ!" ಎಂದ ಬೀದಿಗೆ ಕೇಳುವ ಹಾಗೆ. "ತಪ್ಪು ನನ್ನದು!"

"ನಂದೂನೂವೆ," ಎಂದಳು ಕೆಂಚಮ್ಮ. "ಕೋಣೆ ತಾವ ನೋಡಿದ್ದು ನಿಜ. ಆದ್ರೆ ಅವಳು ಪೊರಕೆ ತಗೊಳ್ಳಾಕೆ ಬಂದಿದ್ಲು. ಅದನ್ನ ಹೇಳೋದು ಮರೆತೆ."

"ಮರೆತ್ಯೋ, ಬುಟ್ಯೋ?" ಎಂದಳು ಬೆಟ್ಟಮ್ಮ.

"ಬುಟ್ಟೆ ಕಣಮ್ಮ, ಬುಟ್ಟೆ. ಹೊಟ್ಟೆ ಉರಿ. ನಾಳೆ ನಿಂಗೆ ಒಂದು ಪಾವು ಕಳ್ಳೆಪುರಿ ಕೊಡಿಸ್ತೀನಿ, ತಿಂದು ಮರೆತ್ಬುಡು."

ಬೆಟ್ಟಮ್ಮ ಕೂತಳು. ಅಂಗೈಗೆ ಪುಡಿ ಸವರಿಕೊಂಡಳು. ಮೊದಲನೇ ಕಡ್ಡಿ ಹೊಸೆದು ಮೊರಕ್ಕೆ ಎಸೆದಾಗ ಉಳಿದವರೆಲ್ಲ ಮದುವೆಮನೆಯ ಹಾಗೆ ಗಲಗಲ ಎಂದರು.

"ಆದ್ರೆ ಅಮೀನ್ರೇ," ಮಹದೇವಯ್ಯ ಕೇಳಿದ, "ಮಣೆಗೆ ಪುನುಗು ಹಚ್ಚಿದೋರು ಯಾರು?"

ಸಿದ್ದಮಲ್ಲಪ್ಪ ಚೆಲುವಮ್ಮನ ಕಡೆ ನೋಡಿದರು. ಮುದುಕಿ ತಲೆ ತಗ್ಗಿಸಿ, ಬಾಳೆಹಣ್ಣು, ಹಳೇ ಮಣೆ, ಸಂಜೆಯ ಘಮಲು ಎಲ್ಲ ಹೇಳಿದರು. ಎರಡು ತಲೆಮಾರಿನಿಂದ ಪುನುಗು ಕೊಂಡು ಬಾಳಿದ ಮನೆ ಅದು. ಕೊಂಬಿನೊಳಗಿನ ಜಿಡ್ಡು ಬಿಟ್ಟರೆ ಪುನುಗುಬೆಕ್ಕನ್ನು ಅಲ್ಲಿ ಒಬ್ಬರೂ ಕಣ್ಣಾರೆ ಕಂಡಿರಲಿಲ್ಲ.

"ಅದು ಎದ್ದುನಿಂತ ಮರ ಕಂಡ್ರೆ ಸಾಕು, ಬಾಲದ ಬುಡ ಒತ್ತಿ ಉಜ್ಜಿ ಹೋಗ್ತದೆ," ಎಂದರು ಸಿದ್ದಮಲ್ಲಪ್ಪ. "ನೀವು ಗುರುತಿಗೆ ಇಟ್ಟ ಮಣೆಗೆ ಅದೂ ತನ್ನ ಗುರುತು ಹಾಕಿದೆ ತಾಯಿ."

"ಅಂದ್ರೆ ಇಷ್ಟು ದಿನ," ಮಹದೇವಯ್ಯ ತಡವರಿಸಿದ, "ಅಂಗಡಿಯವರು ಹೊಗಳಿದ್ದು ನನ್ನ ಮಸಾಲೇನ ಅಲ್ಲವಾ?"

"ಬೆಕ್ಕಿಂದು."

"ಬೆಕ್ಕಿಂದಲ್ಲ, ನಿಮ್ಮಪ್ಪಂದು," ಎಂದರು ಚೆಲುವಮ್ಮ. "ಬೆಕ್ಕಾಗಿ ಬಂದ್ರೆ ಬೆಕ್ಕಿನ ಹಾಗೇ ಅಲ್ವೇನೋ ಇರಬೇಕು? ತಡಿ, ಕರೀತೀನಿ. ಊಟದ ಹೊತ್ತು ಅಂದ್ರೆ ಅವರು ಯಾವಾಗ ತಡ ಮಾಡಿದ್ರು?"

ಒಂದು ಬಾಳೆಹಣ್ಣು ಸುಲಿದು ಮೊಂಡಿನ ಮೇಲೆ ಇಟ್ಟರು. ಎಲ್ಲರೂ ಉಸಿರು ಹಿಡಿದರು. ಸೀಬೆಮರದಲ್ಲಿ ಅಳಿಲೊಂದು ಬೈಯತೊಡಗಿತು.

ಸೌದೆ ಒಟ್ಟಿಲ ಸಂದಿಯಿಂದ ಮೊದಲು ಒಂದು ಚೂಪು ಮೂತಿ ಬಂತು. ಆಮೇಲೆ ಚುಕ್ಕೆ ಚುಕ್ಕೆ ಮೈ. ಆಮೇಲೆ ಬಳೆ ತೊಟ್ಟ ಉದ್ದ ಬಾಲ. ಹಗಲು ಬಿಸಿಲಿಗೆ ಕಣ್ಣು ಕಿರಿದು ಮಾಡಿ, ನೆರೆದ ಹೆಂಗಸರನ್ನು ಒಮ್ಮೆ ನೋಡಿ, ಇವರಿಂದೇನೂ ಆಗಬೇಕಾಗಿಲ್ಲ ಅನ್ನುವ ಹಾಗೆ ಹಣ್ಣಿಗೆ ಬಾಯಿ ಹಾಕಿತು.

"ಥೇಟ್ ಅಪ್ಪಯ್ಯನೇ," ಎಂದ ಮಹದೇವಯ್ಯ, ತನಗೇ ತಿಳಿಯದೆ ಕೈ ಮುಗಿದು.

ಹೆಂಗಸರು ಕಿಸಕ್ಕೆಂದರು, ಸಿದ್ದಮಲ್ಲಪ್ಪ ಮಾತ್ರ ನಗಲಿಲ್ಲ. ಅವರು ನೋಡುತ್ತಿದ್ದದ್ದು ಅದರ ಕುತ್ತಿಗೆಯನ್ನು. ದಟ್ಟ ಕೂದಲ ನಡುವೆ ಒಂದು ಚರ್ಮದ ಪಟ್ಟಿ ಇಣುಕುತ್ತಿತ್ತು. ಅಚ್ಚುಕಟ್ಟಾದ ಹೊಲಿಗೆ. ಸವೆದಿಲ್ಲ, ಹೊಸದು.

ಕೆಂಚಮ್ಮನೂ ಅದನ್ನು ಕಂಡಳು. "ಅವ್ವೋ, ಯಜಮಾನ್ರ ಕೊರಳಿಗೆ ಪಟ್ಟಿ ಕಟ್ಟಿದೋರ್ಯಾರು?"

"ನಾನಂತೂ ಕಟ್ಟಿಲ್ಲ," ಎಂದರು ಚೆಲುವಮ್ಮ. "ಕಟ್ಟೋ ಹಾಗಿದ್ರೆ ಅವರು ಬದುಕಿದ್ದಾಗಲೇ ಕಟ್ಟಿರ್ತಿದ್ದೆ."

ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿರುವಾಗ ಗೋಡೆಯಾಚೆ, ಬೆಟ್ಟಮ್ಮನ ಮನೆಯಿದ್ದ ಓಣಿಯಲ್ಲಿ, ಯಾರೋ ಸೀಟಿ ಹಾಕಿದರು. ಎರಡು ಗಿಡ್ಡ, ಒಂದು ಉದ್ದ. ಬೆಕ್ಕು ಹಣ್ಣು ಬಿಟ್ಟು ಕಿವಿ ನಿಮಿರಿಸಿತು. ಒಂದೇ ನೆಗೆತಕ್ಕೆ ಸೌದೆಯ ಮೇಲೆ, ಇನ್ನೊಂದಕ್ಕೆ ಗೋಡೆಯ ಮೇಲೆ, ಅಲ್ಲಿಂದ ಆಚೆಗೆ. ಹೆಂಗಸರೆಲ್ಲ ಹೋ ಎಂದು ಗೋಡೆಯ ಕಡೆ ನುಗ್ಗಿದರು.

ಬೆಟ್ಟಮ್ಮ ನುಗ್ಗಲಿಲ್ಲ. ಮಣೆಯ ಮುಂದೆ ಕೂತಲ್ಲೇ ಅವಳ ಬಲಗೈಯ ಎರಡು ಬೆರಳು ಮಡಿಚಿಕೊಂಡು, ದಿನಾ ಮರುಸೀಟಿ ಹಾಕಿ ಅಭ್ಯಾಸವಿದ್ದವರ ಹಾಗೆ, ತುಟಿಯವರೆಗೂ ಹೋದವು. ಸಿದ್ದಮಲ್ಲಪ್ಪ ನೋಡುತ್ತಿದ್ದಾರೆಂದು ತಿಳಿದ ಕೂಡಲೇ ಅವಳು ಕೈ ಇಳಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ಎರಡನೇ ಕಡ್ಡಿ ಎತ್ತಿಕೊಂಡಳು.